ತಿದ್ದಿದ ಅಂಕದ ಪಕ್ಕದ ಸಹಿ

ಶ್ರೀ ಗುರು ಬಸವಲಿಂಗಾಯ ನಮಃ

ಚಿತ್ತಾಪುರ
೨೦ ದೈ, ಫಸಲಿ ೧೩೫೫

ಚಿ. ಸೌ. ಕಾಂತಾಳಿಗೆ ಮಾಮಾನ ಆಶೀರ್ವಾದ.

ನಿನ್ನ ಕಾಗದ ದೀಪಾವಳಿಯ ಹಿಂದಿನ ದಿನ ಬಂತು. ಇವತ್ತಿಗೆ ಇಪ್ಪತ್ತು ದಿನದ ಮೇಲಾಯಿತು. ಚಿತ್ತಾಪುರದಿಂದ ವಾಡಿಗೆ ರೈಲು ಒಂದು ತಾಸಿನೊಳಗೆ ಮುಟ್ಟುತ್ತದೆ, ಮಾಮಾನ ಕಾಗದಕ್ಕೆ ಮಾತ್ರ ಇಷ್ಟು ದಿನ ಯಾಕೆ ಬೇಕು ಎಂದು ಬೈದುಕೊಂಡಿರುತ್ತೀ. ಬೈದುಕೋ. ಕಣ್ಣಿಗೆ ಪೊರೆ ಬರುತ್ತಿದೆ, ನಿಮ್ಮ ಅತ್ತಿಯ ಮೊಣಕಾಲು ಬಾತಿದೆ, ದೌತಿಯಲ್ಲಿ ಮಸಿ ಒಣಗಿತ್ತು. ನೆಪಗಳು ಬೇಕಾದಷ್ಟಿವೆ. ಮೂವತ್ತು ವರ್ಷ ಹುಡುಗರ ನೆಪ ಕೇಳಿದ ಮಾಸ್ತರ ನಾನು. ಒಳ್ಳೆಯ ನೆಪ ಯಾವುದು ಅಂತ ನನಗೆ ಗೊತ್ತಿದೆ, ಇವು ಯಾವವೂ ಒಳ್ಳೆಯವಲ್ಲ.

ನಿಮ್ಮ ಅತ್ತಿ ಗುರುದೇವಿ ಹೊರಸಿನಿಂದ ಏಳುವುದು ಕಡಿಮೆಯಾಗಿದೆ. ನಾನು ಬಿಸಿ ಬೂದಿ ಅರಿವೆಯಲ್ಲಿ ಕಟ್ಟಿ ಕಾಲಿಗೆ ಶಾಖ ಕೊಟ್ಟರೆ, "ನಿಮ್ಮ ಕೈ ಬರೇ ಸೀಸಪೆನ್ಸಿಲ್ ಹಿಡೀಲಿಕ್ಕಿ ಆದದ್ದು ನೋಡ್ರಿ. ನಮ್ಮ ಕಾಂತಾ ಬಂದು ಒಂದು ದಿನ ಒತ್ತಿದ್ರ ಬ್ಯಾನಿ ಎಲ್ಲಾ ಹೋಗ್ತದ" ಎನ್ನುತ್ತಾಳೆ. ಮಜೀದಸಾಬರಿಗೆ ಕೆಮ್ಮು ಹೆಚ್ಚಾಗಿದೆ, ಬೀಡಿ ಬಿಟ್ಟಿಲ್ಲ. ನಿನ್ನನ್ನು ಕೇಳುತ್ತಿರುತ್ತಾರೆ. ಕಲಬುರ್ಗಿಯ ಕಾಲೇಜಿನಲ್ಲಿ ನಾವಿಬ್ಬರೂ ಪಕ್ಕಪಕ್ಕದ ಖೋಲಿಯಲ್ಲಿ ಪಾಠ ಹೇಳಿದವರು. ಗಂಟೆ ಹೊಡೆದರೆ ಒಂದೇ ಕ್ಲಾಸು ಎರಡಾಗುತ್ತಿತ್ತು. ಮುಸಲ್ಮಾನರ ಹುಡುಗರು ಅವರ ಹತ್ತಿರ ದೀನಿಯಾತ್, ಅಂದರೆ ಧರ್ಮಪಾಠ, ಓದಲು ಹೋಗುವರು, ಉಳಿದವರು ನನ್ನ ಹತ್ತಿರ ಅಖ್ಲಾಕ್, ಅಂದರೆ ನೀತಿ, ಓದಲು ಬರುವರು. ಈಗ ಇಬ್ಬರಿಗೂ ಪಿಂಚಣಿ, ಇಬ್ಬರಿಗೂ ಒಂದೇ ಬೇವಿನ ಗಿಡದ ನೆರಳು.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ಕಾಗದವನ್ನು ಮೂರು ಸಲ ಓದಿದೆ. ಶಹಾಬಾದಿನಲ್ಲಿ ಹುಡುಗಿಯರ ಶಾಲೆಗೆ ಒಬ್ಬ ಶಿಕ್ಷಕಿ ಬೇಕಾಗಿದ್ದಾಳೆ, ಅಲ್ಲಿಯ ಮುಖ್ಯ ಶಿಕ್ಷಕಿ ಆಶಾಬಿ ನಿನ್ನನ್ನೇ ಕೇಳಿದ್ದಾರೆ, ಆದರೆ ಇಂಟರ್ ಪಾಸಾಗಿರಬೇಕು ಎಂದಿದ್ದಾರೆ. ಕಾಯದೆ ಬದಲಾಗಿದೆ, ಒಂದೇ ಲಾಜ್ಮಿ ಪರ್ಚೆಯಲ್ಲಿ, ಕಡ್ಡಾಯದ ಒಂದೇ ಪತ್ರಿಕೆಯಲ್ಲಿ, ಬಿದ್ದವರು ಹತ್ತು ವರ್ಷದೊಳಗೆ ಅದೊಂದನ್ನೇ ಮತ್ತೆ ಬರೆಯಬಹುದು ಎಂದೂ ಅವರೇ ಹೇಳಿದ್ದಾರೆ. ನಿನಗೆ ಇದು ಹತ್ತನೆಯ ವರ್ಷ. ಈ ಸಲ ಬಿಟ್ಟರೆ ಮುಂದೆ ಇಲ್ಲ. ಹಳೆಯ ಕಾಯದೆ ಏನಿತ್ತೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಂಗ್ಲಿಷು, ಉರ್ದು, ನೀತಿ, ಈ ಮೂರು ಎಲ್ಲರಿಗೂ ಲಾಜ್ಮಿ, ಬಿಡುವ ಹಾಗಿಲ್ಲ. ನೀನು ಆರಿಸಿಕೊಂಡ ಗಣಿತದಲ್ಲಿ ತೊಂಬತ್ತೊಂದು ಬಂದಿತ್ತು, ತರ್ಕಶಾಸ್ತ್ರದಲ್ಲಿ ಎಪ್ಪತ್ತು. ನೀತಿಯಲ್ಲಿ ಮೂವತ್ತೊಂದು. ಮೂವತ್ಮೂರು ಬೇಕಿತ್ತು. ಎರಡು ಅಂಕಕ್ಕೆ ಇಡೀ ಇಂಟರ್ ಹೋಯಿತು.

ಮಜೀದಸಾಬರು ಆಗೆಲ್ಲ ನನ್ನ ಜೊತೆ ಜಗಳಾಡುತ್ತಿದ್ದರು. "ಡಾಕ್ಟರ್ ಆಗಾಂವ್‌ಗ, ಇಂಜಿನಿಯರ್ ಆಗಾಂವ್‌ಗ ನಿಮ್ಮ ಪರ್ಚೆ, ನಮ್ಮ ಪರ್ಚೆ ಯಾಕ್ ಬೇಕ್ರಿ? ಓದಿದ್ರ ಮನಸ್ಯಾ ನೆಟ್ಟಗ ಆಗ್ತಾನೇನು?" ಎನ್ನುತ್ತಿದ್ದರು. ಲೆಕ್ಕ ಬಂದವನು ತೂಕದಲ್ಲಿ ಮೋಸ ಮಾಡಬಾರದಲ್ಲ, ಅದಕ್ಕೇ ಎಲ್ಲರೂ ಓದಬೇಕು, ಎಂದು ನಾನು ಭಾಷಣ ಮಾಡುತ್ತಿದ್ದೆ. ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಭಾಷಣ ಇಲ್ಲ.

ಮಗಳೇ, ಈಗ ಮತ್ತೆ ಯಾಕೆ? ನಿನಗೆ ಎಂಟು ವರ್ಷದ ಕೂಸಿದೆ. ಅಂಬಾರಾಯನದು ಗೂಡ್ಸ್ ಶೆಡ್ಡಿನ ನೌಕರಿ, ಇವತ್ತು ಹಗಲು ಡ್ಯೂಟಿ, ನಾಳೆ ರಾತ್ರಿ ಡ್ಯೂಟಿ, ಅವನು ಬರುವ ಹೊತ್ತಿಗೆ ರೊಟ್ಟಿ ಬಿಸಿ ಇರಬೇಕು. ಹತ್ತು ವರ್ಷದ ಹಿಂದಿನ ಗಾಯ ಒಣಗಿದೆ, ಅದನ್ನು ಯಾಕೆ ಕೆದರುವುದು? ನನ್ನ ನೋಟುಗಳನ್ನು ಕೇಳಿದ್ದೀ. ಅವನ್ನು ಗೆದ್ದಲು ತಿಂದಿದೆ. ಮನೆಯಲ್ಲಿ ಸುಖವಾಗಿರು. ಸುಖ ಅಂದರೆ ಏನು ಅಂತ ಕೇಳಬೇಡ, ಅದು ಪರ್ಚೆಯಲ್ಲಿ ಬರುವ ಪ್ರಶ್ನೆಯಲ್ಲ.

ಕೂಸಿಗೆ ಮುತ್ಯಾನ ಮುದ್ದು. ಅಂಬಾರಾಯನಿಗೆ ಆಶೀರ್ವಾದ. ನಿಮ್ಮ ಅತ್ತಿ ನಿನಗೆ ಕುಸುಬೆ ಎಣ್ಣೆ ಕಳಿಸುವವಳಿದ್ದಾಳೆ.

ನಿನ್ನ ಮಾಮಾ
ರೇವಣಪ್ಪ

ತಾ.ಕ. ನೀನು ಕಳಿಸಿದ ಫಾರ್ಮು ನನ್ನ ಪೆಟ್ಟಿಗೆಯಲ್ಲೇ ಇದೆ. ಸಹಿಯ ಮಾತು ಆಮೇಲೆ ನೋಡೋಣ.

◆

ಚಿತ್ತಾಪುರ
೧೨ ಇಸ್ಫಂದಾರ್, ಫಸಲಿ ೧೩೫೫

ಚಿ. ಸೌ. ಕಾಂತಾಳಿಗೆ, ಹೋದ ಕಾಗದಕ್ಕಿಂತ ಹೆಚ್ಚು ತಡ ಮಾಡಿದ ಮಾಮಾನ ಆಶೀರ್ವಾದ.

ನಿನ್ನೆ ಸಂಕ್ರಾಂತಿ ಮುಗಿಯಿತು. ನಿಮ್ಮ ಅತ್ತಿ ಕುಂತಲ್ಲೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದಳು, ಅರ್ಧ ಸುಟ್ಟವು, ಸುಟ್ಟವನ್ನೇ ನನಗೆ ಹಾಕಿದಳು. ಕಾಲು ನೋವು ಹಾಗೇ ಇದೆ, ಬಾಯಿ ಚೆನ್ನಾಗಿದೆ. ಕ್ಷೇಮಸಮಾಚಾರ ಅಂದರೆ ಇಷ್ಟೇ.

ನಿನ್ನ ಎರಡನೆಯ ಕಾಗದ ನಾಲ್ಕೇ ಸಾಲಿನದು. ಅದು ನನಗೆ ಬಾಯಿಪಾಠವಾಗಿದೆ. "ಮಾಮಾ, ಕಲಿಸದಿದ್ದರೆ ಬಿಡ್ರಿ, ನಾನೇ ಓದಿಕೊಳ್ಳುತ್ತೇನೆ. ಫಾರ್ಮಿನ ಮೇಲೆ ಸಹಿಯನ್ನಾದರೂ ಮಾಡಿ ಕಳಿಸಿರಿ. ನನ್ನ ನಡತೆಯ ಬಗ್ಗೆ ಬರೆಯಲು ನಿಮ್ಮಷ್ಟು ತಿಳಿದವರು ನನಗೆ ಯಾರೂ ಇಲ್ಲ." ಖಾಸಗಿಯಾಗಿ ಪರೀಕ್ಷೆಗೆ ಕೂಡುವವರ ಚಾಲ್‌ಚಲನ್ ಒಳ್ಳೆಯದು ಎಂದು ಒಬ್ಬ ಶಿಕ್ಷಕ ಕೆಳಗೆ ಸಹಿ ಮಾಡಬೇಕು. ಆ ಒಂದು ಗೆರೆ ತುಂಬುವುದಕ್ಕೆ ನನಗೆ ಎರಡೂವರೆ ತಿಂಗಳು ಬೇಕಾಯಿತು. ಕೊನೆಗೂ ತುಂಬಲಿಲ್ಲ.

ಹೋದ ತಿಂಗಳು, ಬಹಮನ್‌ನಲ್ಲಿ, ನಾನು ಹೇಳದೆ ಕೇಳದೆ ಜೋಳದ ಗಂಟು ಹೊತ್ತು ವಾಡಿಗೆ ಬಂದದ್ದು ನಿನಗೆ ನೆನಪಿದೆ. ಕೂಸನ್ನು ನೋಡಬೇಕೆನಿಸಿತು ಎಂದಿದ್ದೆ. ನಿಜವಾಗಿ ಬಂದದ್ದು ನಿನ್ನನ್ನು ನೋಡಲಿಕ್ಕೆ. ನೀನು ಸುಖವಾಗಿದ್ದೀ ಅಂತ ಕಣ್ಣಾರೆ ಕಂಡರೆ ಆ ಫಾರ್ಮನ್ನು ಹರಿದು ಒಲೆಗೆ ಹಾಕಬಹುದು ಅಂತ ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವತ್ತು ಪಾರ್ಸಲ್ ಆಫೀಸಿನ ಶೌಕತ ಅಲಿ ಬಂದು ಕೂತಿದ್ದ. ನೀನು ಚಹಾ ತಂದೆ. ಅಂಬಾರಾಯ ನಿನ್ನನ್ನು ತೋರಿಸಿ, "ನಮ್ಮ ಮನ್ಯಾಕಿ ಸಾದಾ ಹೆಣ್ಮಗಳಲ್ಲ ಶೌಕತ್‌ಭಾಯಿ, ಇಂಟರ್ ಫೇಲ್ ಆಗ್ಯಾಳ! ಅದೂ ಯಾತರಾಗ? ಅಖ್ಲಾಕದಾಗ! ಮಾವ ನೀತಿ ಮಾಸ್ತರ, ಸೊಸಿ ನೀತ್ಯಾಗ ಫೇಲ್!" ಅಂದ. ಶೌಕತ ಅಲಿ ನನ್ನ ಮುಖ ನೋಡಿ ನಗಬೇಕೋ ಬೇಡವೋ ಎಂದು ತಿಳಿಯದೆ ಬಸಿಯಲ್ಲಿ ಚಹಾ ಆರಿಸುತ್ತ ಕೂತ. ನೀನು ನಕ್ಕೆ, ಕಾಂತಾ. ಬಸಿ ಸರಿಮಾಡಿ, ಸೆರಗು ಸರಿಮಾಡಿ, ದಿನಾ ನಗುವ ಹಾಗೆ ನಕ್ಕೆ. ನೀನು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಆಮೇಲೆ ಕೂಸು ನನ್ನನ್ನು ನೀರಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಯಿತು. ಅಲ್ಲಿ ಯಾರೂ ಇರಲಿಲ್ಲ. "ಮುತ್ಯಾ, ನೀತ್ಯಾಗ ಫೇಲಾದ್ರ ಕೆಟ್ಟೋರಂತ ಅನ್ನಬೇಕೇನು? ಬಾಜೂ ಕ್ವಾರ್ಟರ್ಸಿನಾಕಿ ನಮ್ಮವ್ವಗ ಹಂಗ ಅಂದಾಳ" ಎಂದು ಕೇಳಿತು. ಇಲ್ಲ ಕೂಸೇ, ಅದು ಬರೇ ಒಂದು ಪರ್ಚೆ, ಎಂದೆ. "ಮತ್ತ ನೀ ಅಕಿಗಿ ಕಲಸಿದ್ದಿಲ್ಲೇನು?" ಎಂದು ಕೇಳಿತು. ನಾನು ಸಂಜೆಯ ಗಾಡಿಗೇ ಹೊರಟುಬಿಟ್ಟೆ. ಊಟ ಮಾಡದೆ ಹೋದರು ಎಂದು ನೀನು ಮುನಿಸಿಕೊಂಡಿದ್ದೀ ಅಂತ ವಾಡಿಗೆ ಹೋಗಿ ಬಂದ ಟಾಂಗಾದ ಮಶಾಕ ಹೇಳಿದ.

ಅಂಬಾರಾಯನ ಮೇಲೆ ಸಿಟ್ಟು ಬೇಡ. ಅವನನ್ನು ಹಾಗೆ ಮಾಡಿದವನು ನಾನು. ಎಂಟನೆಯ ತರಗತಿಯ ವಾರ್ಷಿಕ ಪರೀಕ್ಷೆ ನಿನಗೆ ನೆನಪಿರಬೇಕು. ಆಗ ನಾನು ಇನ್ನೂ ಇಲ್ಲಿಯ ಶಾಲೆಯಲ್ಲೇ ಮಾಸ್ತರ. ನೀನು ಶಹಾಬಾದಿನಿಂದ ಸೂಟಿಗೆ ಬಂದವಳು ನನ್ನ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಂಬಾರಾಯ ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡು ನಕಲು ಮಾಡುತ್ತಿದ್ದ. ನಾನು ಹಿಡಿದೆ. ಎಲ್ಲರ ಎದುರಿಗೆ ಅವನ ಪರ್ಚೆಯ ಮೇಲೆ ದೊಡ್ಡ ಸೊನ್ನೆ ಬರೆದು, ಎತ್ತಿ ತೋರಿಸಿ, ಹೊರಗೆ ಕಳಿಸಿದೆ. ಬೇರೆ ಹುಡುಗನಾಗಿದ್ದರೆ ಕಿವಿ ಹಿಂಡಿ ಚೀಟಿ ಕಸಿದುಕೊಂಡು ಬಿಡುತ್ತಿದ್ದೆ. ಮಗನಾದದ್ದಕ್ಕೆ ಸೊನ್ನೆ. ಇಡೀ ಚಿತ್ತಾಪುರ ನನ್ನನ್ನು ಹೊಗಳಿತು. ಹುಡುಗ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಎಂಟನೆಯ ಫೇಲಾದವನಿಗೆ ಇಂಟರ್ ಫೇಲಾದವಳು ಮನೆಯಲ್ಲಿದ್ದರೆ ಒಂದು ಸಮಾಧಾನ. ಪಾಸಾದರೆ ಅವನಿಗೆ ಭಯ. ಇದನ್ನು ನೀನು ನನಗಿಂತ ಮೊದಲೇ ತಿಳಿದುಕೊಂಡಿದ್ದೀ ಅನಿಸುತ್ತದೆ.

ಹೋದ ವರ್ಷ ನಿಮ್ಮವ್ವ ತೀರಿಕೊಂಡ ದಿನದ ಮಾತೊಂದನ್ನು ನಿನಗೆ ಹೇಳಿಲ್ಲ. ನೀನು ಔಷಧ ತರಲು ಹೋಗಿದ್ದೆ. ರತ್ನಾ ನನ್ನ ಕೈ ಹಿಡಿದುಕೊಂಡು, "ಅಣ್ಣಾ, ಸೇಡಂನೋರು ಬೀಗತನ ಮುರಕೊಂಡು ಹೋದಾಗ ನಾ ಭಾವಿ ನೋಡಿದ್ದೆ. ನೀತ್ಯಾಗ ಫೇಲಾದ ಹುಡುಗಿ ನಮಗ ಬ್ಯಾಡಂತ ಅಂದಿದ್ರು. ನೀ ಅಂಥಾಕಿಗಿ ಮನಿ ತುಂಬಿಸ್ಕೊಂಡಿ. ನಿನ್ನ ಋಣ ನಾ ಹ್ಯಾಂಗ ತೀರಿಸ್ಲಿ?" ಅಂದಳು. ನನ್ನ ತಂಗಿ, ನನ್ನ ಕೈಯಲ್ಲಿ ಬೆಳೆದವಳು, ಸಾಯುವಾಗ ನನಗೆ ಕೈ ಮುಗಿದಳು. ಆ ಕೈಗಳನ್ನು ನಾನು ಬಿಡಿಸಲಿಲ್ಲ. ಸುಮ್ಮನೆ ಮುಗಿಸಿಕೊಂಡೆ. ಮದುವೆಯ ವರ್ಷವೂ ಊರವರು ಹೀಗೇ ಅಂದಿದ್ದರು, ರೇವಣಪ್ಪ ಮಾಸ್ತರದು ದೊಡ್ಡ ಮನಸ್ಸು ಅಂತ. ಅದನ್ನೂ ಸುಮ್ಮನೆ ಕೇಳಿಸಿಕೊಂಡಿದ್ದೆ.

ಇನ್ನು ಕೆಲಸದ ಮಾತು. ಈ ಕಾಗದದ ಜೊತೆ ಮಶಾಕನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ನನ್ನ ನೋಟುಗಳಿವೆ. ಗೆದ್ದಲು ತಿಂದಿದೆ ಎಂದದ್ದು ಸುಳ್ಳು. ಒಂದು ಹಾಳೆಯೂ ಹೋಗಿಲ್ಲ, ನಿಮ್ಮ ಅತ್ತಿ ಬೇವಿನ ಎಲೆ ಹಾಕಿ ಇಟ್ಟಿದ್ದಳು. ಟಪಾಲಿಗೆ ಹಾಕದೆ ಮಶಾಕನ ಕೈಯಲ್ಲಿ ಕಳಿಸಿದ್ದು ಯಾಕೆಂದರೆ ಇದು ನಿನ್ನ ಕೈಗೇ ಮುಟ್ಟಬೇಕು. ಅವನು ಟಾಂಗಾ ಇಲ್ಲೇ ಬಿಟ್ಟು ರೈಲಿಗೆ ಬರುತ್ತಾನೆ, ಅವನಿಗೆ ಊಟ ಹಾಕಿ ಕಳಿಸು.

ಪರ್ಚೆಯ ರೀತಿ ಬದಲಾಗಿಲ್ಲ. ಆರು ಪ್ರಶ್ನೆ, ಎಲ್ಲವನ್ನೂ ಬರೆಯಬೇಕು. ಮೊದಲಿನ ನಾಲ್ಕು ಪುಸ್ತಕದಿಂದ ಬರುತ್ತವೆ. ಸತ್ಯ, ದಯೆ, ಪರೋಪಕಾರ, ಹಿರಿಯರ ಸೇವೆ, ಇವೇ ತಿರುತಿರುಗಿ ಬರುತ್ತವೆ. ನಿನ್ನ ಉರ್ದು ಅಕ್ಷರ ಚೆನ್ನಾಗಿದೆ, ಸಾಲಿನ ನಡುವೆ ಜಾಗ ಬಿಡು. ಹೊತ್ತು ಸಾಲುವುದಿಲ್ಲ, ಗಣಿತದ ಹಾಗೆ ಕೊನೆಗೆ ಸರಿ ನೋಡುತ್ತ ಕೂಡಬೇಡ. ಐದನೆಯ ಪ್ರಶ್ನೆ ಯಾವಾಗಲೂ ಸ್ವಂತ ಅನುಭವದ್ದು, ಕಣ್ಣಾರೆ ಕಂಡದ್ದನ್ನು ಬರೆಯಿರಿ ಎಂದು ಕೇಳುತ್ತಾರೆ. ಅದರ ಮಾತು ಮುಂದೆ ಬರೆಯುತ್ತೇನೆ.

ಫಾರ್ಮು ಗಂಟಿನ ಮೇಲೇ ಇದೆ. ನೋಡಿದರೆ ನಿನಗೆ ಆಶ್ಚರ್ಯವಾದೀತು, ಕೆಳಗಿನ ಗೆರೆಯಲ್ಲಿ ಸಹಿ ನನ್ನದಲ್ಲ. ಮಜೀದಸಾಬರದು. ಮೊನ್ನೆ ಅದನ್ನು ಅವರ ಮನೆಗೆ ಒಯ್ದಿದ್ದೆ. ಅವರು ಕೌದಿ ಹೊದ್ದು ಬಿಸಿಲಿಗೆ ಕೂತಿದ್ದರು. ಎರಡು ಸಲ ಕೆಮ್ಮಿ, ಮೊಮ್ಮಗಳು ಬಷೀರಾಳಿಂದ ಲೇಖನಿ ತರಿಸಿ, ಒಂದೂ ಪ್ರಶ್ನೆ ಕೇಳದೆ ಸಹಿ ಮಾಡಿದರು. ಫಾರ್ಮು ನನ್ನ ಕೈಗೆ ಕೊಡುವಾಗ, "ರೇವಣಪ್ಪಾ, ಸಹಿ ನಾ ಮಾಡೀನಿ. ಖರೇ ಏನದ ಅದು ನೀವೇ ಬರೀಬೇಕು. ಅಲ್ಲಿ ನನ್ನ ಸಹಿ ನಡೆಯಾಂಗಿಲ್ಲ" ಎಂದರು. ಫಾರ್ಮನ್ನು ಈ ತಿಂಗಳ ಕೊನೆಯೊಳಗೆ ಹೈದರಾಬಾದಿಗೆ ಮುಟ್ಟಿಸು. ಆಶಾಬಿಯವರ ಕೈಯಲ್ಲಿ ಕೊಟ್ಟರೆ ಅವರೇ ಕಳಿಸುತ್ತಾರೆ.

ಅಂಬಾರಾಯನಿಗೆ ಬೇರೆ ಕಾಗದ ಬರೆದಿದ್ದೇನೆ. ಕಾಂತಾ ಪರೀಕ್ಷೆಗೆ ಹೋಗುವ ದಿನಗಳಲ್ಲಿ ಕೂಸನ್ನು ನಾನು ಬಂದು ನೋಡಿಕೊಳ್ಳುತ್ತೇನೆ, ರೊಟ್ಟಿ ಖಾನಾವಳಿಯಿಂದ ತರಿಸು, ಅಡ್ಡ ಮಾತಾಡಿದರೆ ನಾನು ಅದೇ ಕ್ವಾರ್ಟರ್ಸಿಗೆ ಬಂದು ಖಾಯಂ ಇರುತ್ತೇನೆ, ಎಂದು ಹೆದರಿಸಿದ್ದೇನೆ. ಅದಕ್ಕೆ ಅವನು ಖಂಡಿತ ಹೆದರುತ್ತಾನೆ.

ನಿನಗೆ ಬಸವಣ್ಣ ಒಳ್ಳೆಯದು ಮಾಡಲಿ. ನಿನ್ನ ಕೈಯಲ್ಲಿ ನಾಲ್ಕು ಹುಡುಗಿಯರು ಅಕ್ಷರ ಕಲಿಯಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ಮಾಡುವ ಯೋಗ್ಯತೆ ನನಗಿಲ್ಲ.

ಇಂತು ನಿನ್ನ ಮಾವ ಆಗಿಯೂ ಮಾಮಾ ಎಂದೇ ಕರೆಸಿಕೊಂಡ
ರೇವಣಪ್ಪ

ತಾ.ಕ. ಸಹಿ ಹಾಕಿ ಮಡಚಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಶಾಕ ಹೊರಗೆ ಕುದುರೆಗೆ ಹುಲ್ಲು ಹಾಕುತ್ತ ಕಾಯುತ್ತಿದ್ದಾನೆ. ಬರೆಯದೆ ಕೊಟ್ಟುಬಿಟ್ಟರೆ ಮುಂದೆ ಎಂದೂ ಬರೆಯಲಾರೆ.

ಹತ್ತು ವರ್ಷದ ಹಿಂದೆ ನಿನ್ನ ನೀತಿ ಪರ್ಚೆಗೆ ಅಂಕ ಹಾಕಿದವನು ನಾನೇ.

ಪ್ರತಿ ಬೇಸಿಗೆ ಹೈದರಾಬಾದಿನಿಂದ ಪರ್ಚೆಗಳ ಬಂಡಲು ರೈಲಿನಲ್ಲಿ ಬರುತ್ತಿತ್ತು. ಮೊದಲು ಒಂದು ಕಾಗದದ ಮೇಲೆ ನಮ್ಮಿಂದ ಬರೆಸಿಕೊಳ್ಳುತ್ತಿದ್ದರು: ಈ ಸಲ ನನ್ನ ಮಗ, ಮಗಳು, ತಮ್ಮ, ತಂಗಿ ಯಾರೂ ಪರೀಕ್ಷೆಗೆ ಕೂತಿಲ್ಲ ಎಂದು. ತಂಗಿಯ ಮಗಳು ಎಂದು ಅದರಲ್ಲಿ ಇರಲಿಲ್ಲ. ಆ ಕಾಗದ ಬರೆದವರಿಗೆ ತಂಗಿಯ ಮಗಳು ಎಂದರೆ ದೂರದ ನೆಂಟು. ನಮ್ಮಲ್ಲಿ ಅವಳು ಹುಟ್ಟಿದ ದಿನವೇ ಸೊಸೆ. ನೀನು ತೊಟ್ಟಿಲಲ್ಲಿದ್ದಾಗಲೇ ನಿಮ್ಮ ಅತ್ತಿ ನಿನಗೆ ಕುಬಸ ಹೊದಿಸಿದ್ದಳು. ಇದು ಗೊತ್ತಿದ್ದೂ ನಾನು ಸಹಿ ಮಾಡಿದೆ. ಕಾಗದದ ಪ್ರಕಾರ ಸುಳ್ಳು ಹೇಳಿರಲಿಲ್ಲ.

ಆ ವರ್ಷ ಮಜೀದಸಾಬರೂ ನಾನೂ ನಮ್ಮ ಪಡಸಾಲೆಯಲ್ಲಿ ಕೂತು ಅಂಕ ಹಾಕುತ್ತಿದ್ದೆವು. ಬಿಸಿಲು ಎಷ್ಟಿತ್ತೆಂದರೆ ಹಾಸುಗಲ್ಲಿನ ಮೇಲೆ ನೀರು ಚೆಲ್ಲಿ ಕೂಡಬೇಕಿತ್ತು. ಅವರ ಮುಂದೆ ದೀನಿಯಾತ್ ಬಂಡಲು, ನನ್ನ ಮುಂದೆ ನೀತಿಯದು. ಹೆಸರಿಲ್ಲ, ನಂಬರಿನ ಮೇಲೆ ಕಾಗದ ಅಂಟಿಸಿದ್ದರು. ಐದನೆಯ ಪ್ರಶ್ನೆ ಹೀಗಿತ್ತು: ನ್ಯಾಯವೂ ಮಮತೆಯೂ ಎದುರುಬದುರಾದಾಗ ಮನುಷ್ಯ ಏನು ಮಾಡಬೇಕು, ನೀವು ಕಂಡ ಒಂದು ಉದಾಹರಣೆ ಕೊಡಿ. ಒಂದು ಪರ್ಚೆಯಲ್ಲಿ ಮೂರು ಸಾಲು ಓದುವುದರೊಳಗೆ ನನ್ನ ಕೈ ನಿಂತಿತು. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ ಹುಡುಗಿ. ಅಂಗಿಯ ತೋಳಿನ ಚೀಟಿ. ದೊಡ್ಡ ಸೊನ್ನೆ. "ಅವತ್ತು ಮನೆಗೆ ಬಂದು ಆ ಶಿಕ್ಷಕರು ಊಟ ಮಾಡಲಿಲ್ಲ, ಮಗನ ತಲೆದಿಂಬಿನ ಹತ್ತಿರ ಕೂತಿದ್ದರು. ನಾನು ಜೀವನದಲ್ಲಿ ಕಂಡ ನ್ಯಾಯವಂತರು ಅವರೊಬ್ಬರೇ" ಎಂದು ನೀನು ಮುಗಿಸಿದ್ದೆ.

ಹಿಗ್ಗಿನಲ್ಲಿ ಅದನ್ನು ಮಜೀದಸಾಬರಿಗೆ ತೋರಿಸಿದೆ. ನಮ್ಮ ಕಾಂತಾ ಬರೆದದ್ದು ನೋಡ್ರಿ, ಎಂದೆ. ಆ ಉತ್ತರಕ್ಕೆ ಒಂಬತ್ತು ಅಂಕ ಹಾಕಿದೆ. ಉಳಿದವು ಸೇರಿ ಇಪ್ಪತ್ತೆಂಟು ಆಗಿದ್ದವು. ಒಟ್ಟು ಮೂವತ್ತೇಳು.

ಅದೇ ಹೊತ್ತಿಗೆ ನಿಮ್ಮ ಅತ್ತಿ ಇಬ್ಬರಿಗೂ ಮಜ್ಜಿಗೆ ತಂದಳು. ಅವಳಿಗೆ ಏನೂ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. "ಕಾಂತಾಂದು ಯಾವಾಗ ತಿಳೀತದ್ರಿ? ಪಾಸಾದ್ರ ಮುಂದ ಓದ್ಲಿಕ್ಕಿ ಹೈದರಾಬಾದಿಗ ಹೋಗ್ತಾಳಂತ, ಆಮ್ಯಾಲ ಸೇಡಂನೋರಿಗಿ ಕೊಡ್ತಾರಂತ, ರತ್ನಾ ಒಪ್ಪಿಬಿಟ್ಟಾಳ. ಮತ್ತ ನಮ್ಮ ಅಂಬಾರಾಯಗ ಯಾರು ಹೆಣ್ಣು ಕೊಡ್ತಾರ? ಎಂಟನೇತ್ತಾ ಬಿಟ್ಟಾಂವ ಅಂತ ಊರಿಗೆಲ್ಲ ಗೊತ್ತದ, ನೀವೇ ತೋರಿಸೀರಿ" ಎಂದು ಹೇಳಿ ಒಳಗೆ ಹೋದಳು. ನಾನು ಮಜ್ಜಿಗೆ ಕುಡಿದೆ. ಒಂಬತ್ತನ್ನು ಹೊಡೆದು ಮೂರು ಮಾಡಿದೆ. ಒಟ್ಟು ಮೂವತ್ತೊಂದು ಬರೆದೆ. ತಿದ್ದಿದಲ್ಲಿ ಪಕ್ಕಕ್ಕೆ ಸಣ್ಣ ಸಹಿ ಮಾಡಬೇಕೆಂದು ಕಾಯದೆ. ಮಾಡಿದೆ.

ಮಜೀದಸಾಬರು ನೋಡುತ್ತಿದ್ದರು. "ಯಾಕ್ ತಿದ್ದಿದ್ರಿ?" ಎಂದು ಕೇಳಿದರು. ತನ್ನ ಹೊಗಳಿಕೆಗೆ ತಾನೇ ಅಂಕ ಕೊಡಬಾರದು ಸಾಹೇಬರೇ, ಎಂದೆ. "ಹಂಗಿದ್ರ ಬಂಡಲ್ ವಾಪಸ್ ಕಳಸ್ರಿ, ಬ್ಯಾರೇದವರು ನೋಡ್ತಾರ. ಹುಡುಗಿ ನಂಬರ್ ಯಾಕ್ ಕಡೀತೀರಿ?" ಎಂದರು. ನಾನು ಮುಂದಿನ ಪರ್ಚೆ ತೆಗೆದೆ. ಹತ್ತು ವರ್ಷ ಅವರು ಆ ಮಾತು ಮತ್ತೆ ಎತ್ತಲಿಲ್ಲ. ಮೊನ್ನೆ ಫಾರ್ಮು ಕೈಗೆ ಕೊಡುವಾಗ ಎತ್ತಿದರು.

ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಮಗನಿಗೆ ಸೊನ್ನೆ ಹಾಕಿದವನು ಸೊಸೆಗೆ ಮೂರು ಹಾಕಿದೆ, ಅದೇ ನ್ಯಾಯ, ಅಂತ. ಅದು ನ್ಯಾಯ ಅಲ್ಲ. ಅಂಬಾರಾಯನಿಗೆ ಅಷ್ಟರಲ್ಲಿ ಬೇರೆ ಕಡೆ ಮದುವೆಯಾಗಿದ್ದರೆ ನಾನು ಆ ಒಂಬತ್ತನ್ನು ಮುಟ್ಟುತ್ತಿರಲಿಲ್ಲ. ಇದು ನನಗೆ ಗೊತ್ತಿದೆ. ಮಜ್ಜಿಗೆಯ ಲೋಟ ಕೆಳಗೆ ಇಡುವಾಗಲೇ ಗೊತ್ತಿತ್ತು. ನಿನ್ನ ಹೈದರಾಬಾದನ್ನು ಕಸಿದುಕೊಂಡೆ, ಸೇಡಂನವರು ನಿನ್ನ ಮೇಲೆ ಮಾತಾಡುವ ಹಾಗೆ ಮಾಡಿದೆ, ಆಮೇಲೆ ದೊಡ್ಡ ಮನಸ್ಸಿನವನಾಗಿ ನಿನ್ನನ್ನು ಮನೆ ತುಂಬಿಸಿಕೊಂಡೆ. ಸಾಯುವ ತಂಗಿಯಿಂದ ಕೈ ಮುಗಿಸಿಕೊಂಡೆ. ನಿನ್ನ ಕಾಗದದ ಮೇಲೆ ಒಮ್ಮೆ ಸಹಿ ಮಾಡಿದ್ದೇನೆ, ಕಾಂತಾ. ಎರಡನೆಯ ಸಲ ಕೈ ಏಳಲಿಲ್ಲ.

ನೀನು ಫೇಲಾಗಿರಲಿಲ್ಲ. ಕೂಸಿಗೆ ಇವತ್ತೇ ಹೇಳು. ಅಂಬಾರಾಯನಿಗೂ ಓದಿ ಹೇಳು, ಬಾಜೂ ಕ್ವಾರ್ಟರ್ಸಿನವಳಿಗೂ ಹೇಳು. ಮಾವನ ಮಾನ ಹೋಗುತ್ತದೆಂದು ನಿನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಡ. ಇಷ್ಟು ದಿನ ನಿನ್ನ ಮಾನ ಹೋಗುತ್ತಿದ್ದಾಗ ನಾನು ಸುಮ್ಮನಿದ್ದೆ. ನನಗೆ ಉತ್ತರ ಬರೆಯಬೇಕೆಂದಿಲ್ಲ. ಮಾಮಾ ಎಂದು ಕರೆಯಬೇಕೆಂದೂ ಇಲ್ಲ.

ಐದನೆಯ ಪ್ರಶ್ನೆ ಈ ಸಲವೂ ಹಾಗೇ ಬಂದರೆ ಬೇರೆ ಉದಾಹರಣೆ ಹುಡುಕುತ್ತ ಕೂಡಬೇಡ. ನನ್ನದೇ ಬರಿ. ಹೋದ ಸಲ ನಿನಗೆ ಅರ್ಧವೇ ಗೊತ್ತಿತ್ತು.